ಪದವಿ ಪ್ರದರ್ಶನಕ್ಕೆ ನಾಲ್ಕು ತಿಂಗಳು: ಹೊಸ ಕ್ಯಾನ್ವಾಸ್ ಬೇಕಾ, ಇರುವುದೇ ಸಾಕಾ?

ಪ್ರಶ್ನೆ: ನಾನು ಚಿತ್ರಕಲೆಯ ಕೊನೆಯ ವರ್ಷದ ವಿದ್ಯಾರ್ಥಿನಿ. ಪದವಿ ಪ್ರದರ್ಶನಕ್ಕೆ ನಾಲ್ಕು ತಿಂಗಳು ಉಳಿದಿದೆ. ಸ್ಟುಡಿಯೊದ ನನ್ನ ಮೂಲೆಯಲ್ಲಿ ಅರ್ಧಕ್ಕೆ ನಿಂತ ಹನ್ನೊಂದು ತೈಲಚಿತ್ರಗಳಿವೆ. ಒಂದೂ ಗೋಡೆಗೆ ಹಾಕುವಂಥದ್ದು ಅನ್ನಿಸುತ್ತಿಲ್ಲ. ಒಬ್ಬರು ಮೇಷ್ಟ್ರು ಬಣ್ಣ ಕಡಿಮೆ ಮಾಡು ಅಂತಾರೆ. ಇನ್ನೊಬ್ಬರು ಚಿತ್ರದಲ್ಲಿ ಮನುಷ್ಯರು ಬೇಕು ಅಂತಾರೆ. ಎಲ್ಲವನ್ನೂ ಬಿಟ್ಟು ಎಂಟು ಅಡಿಯ ಒಂದೇ ದೊಡ್ಡ ಕ್ಯಾನ್ವಾಸ್ ಶುರು ಮಾಡಲಾ? ಬೇಜಾರಾದಾಗ ಇದ್ದಿಲಿನಲ್ಲಿ ಬಿಡಿಸಿದ ಸಣ್ಣ ಚಿತ್ರಗಳು ಒಂದಷ್ಟಿವೆ, ಸ್ಟುಡಿಯೊದ ಸ್ಟೂಲು, ಸಿಂಕು, ಬಾಗಿಲು ಅಂಥವು. ಅವು ಲೆಕ್ಕಕ್ಕಿಲ್ಲ. ಪದವಿ ಮುಗಿದ ಮೇಲೆ ಸ್ಟುಡಿಯೊ ಇರಲ್ಲ, ಕೆಲಸಕ್ಕೂ ಸೇರಬೇಕು. ಆಮೇಲೆ ಚಿತ್ರ ಬಿಡಿಸುವುದೇ ನಿಂತುಹೋಗುತ್ತಾ ಅಂತ ಭಯ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಎಂಟು ಅಡಿಯ ಕ್ಯಾನ್ವಾಸ್ ಕಣ್ಣಿಗೆ ಬಿತ್ತು. ಎರಡನೇ ಸಲ ಆ ಇದ್ದಿಲಿನ ಚಿತ್ರಗಳು. ಅವು ಲೆಕ್ಕಕ್ಕಿಲ್ಲ ಅಂತ ಬರೆದಿದ್ದೀರಿ. ನಾನು ಮೊದಲು ನೋಡಬೇಕು ಅನ್ನುವುದೇ ಅವನ್ನು.

ದೊಡ್ಡ ಕ್ಯಾನ್ವಾಸ್ ಈಗ ಬೇಡ. ಕೊನೆಯ ವರ್ಷದವರಿಗೆ ಪಾಠ ಮಾಡುತ್ತಾ ಬಂದವಳಾಗಿ ಇದನ್ನು ಹೇಳುತ್ತಿದ್ದೇನೆ. ಪ್ರದರ್ಶನ ಹತ್ತಿರ ಬಂದ ಹಾಗೆ ಪ್ರತಿ ತಂಡದಲ್ಲೂ ಒಬ್ಬರಿಗಾದರೂ ಈ ಆಸೆ ಹುಟ್ಟುತ್ತದೆ. ಕಾರಣ ನನಗೆ ಗೊತ್ತು. ಅರ್ಧಕ್ಕೆ ನಿಂತ ಹನ್ನೊಂದು ಚಿತ್ರಗಳಲ್ಲಿ ನಿಮ್ಮ ತಪ್ಪುಗಳು ದಿನಾ ಕಾಣುತ್ತವೆ. ಖಾಲಿ ಕ್ಯಾನ್ವಾಸಿನಲ್ಲಿ ಇನ್ನೂ ಒಂದೂ ತಪ್ಪಾಗಿಲ್ಲ. ಅದಕ್ಕೇ ಅದು ಅಷ್ಟು ಚೆಂದ ಕಾಣುತ್ತದೆ. ಆದರೆ ಎರಡು ಅಡಿಯಲ್ಲಿ ಕೆಲಸ ಮಾಡುತ್ತಿದ್ದ ಕೈ ಎಂಟು ಅಡಿಗೆ ಹೋದರೆ ಎಲ್ಲವೂ ಬದಲಾಗುತ್ತದೆ. ಮಣಿಕಟ್ಟಿನಿಂದ ಬರುತ್ತಿದ್ದ ಗೆರೆ ಭುಜದಿಂದ ಬರಬೇಕು. ಬ್ರಶ್ಶು ದೊಡ್ಡದಾಗಬೇಕು. ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಲು ಜಾಗ ಬೇಕು. ಇದನ್ನೆಲ್ಲ ಕಲಿಯಲು ನಾಲ್ಕು ತಿಂಗಳು ಸಾಲುವುದಿಲ್ಲ. ಮುಂದೆ ಯಾವತ್ತಾದರೂ ಕಲಿಯಿರಿ, ಖಂಡಿತ.

ಈಗ ಒಂದು ಕಥೆ ಹೇಳುತ್ತೇನೆ. 1915ರಲ್ಲಿ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ ಅಮೆರಿಕದ ಸೌತ್ ಕ್ಯಾರೊಲಿನಾದ ಒಂದು ಕಾಲೇಜಿನಲ್ಲಿ ಕಲೆಯ ಪಾಠ ಮಾಡುತ್ತಿದ್ದರು. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಒಂದು ದಿನ ತಮ್ಮ ಚಿತ್ರಗಳನ್ನೆಲ್ಲ ಕೋಣೆಯಲ್ಲಿ ಹಾಕಿಕೊಂಡು ನೋಡಿದರು. ಒಂದೊಂದು ಚಿತ್ರವೂ ಒಬ್ಬೊಬ್ಬ ಗುರುವನ್ನು ಮೆಚ್ಚಿಸಲು ಮಾಡಿದ ಹಾಗೆ ಕಂಡಿತು. ತನ್ನದು ಅನ್ನುವಂಥದ್ದು ಅದರಲ್ಲಿ ಇರಲಿಲ್ಲ. ಅವನ್ನೆಲ್ಲ ಎತ್ತಿಟ್ಟು, ಬಣ್ಣವನ್ನೂ ಬಿಟ್ಟು, ಬರೀ ಇದ್ದಿಲು ಹಿಡಿದು ಹೊಸದಾಗಿ ಶುರು ಮಾಡಿದರು. ಆ ಚಿತ್ರಗಳನ್ನು ಗೆಳತಿ ಅನಿತಾ ಪೊಲಿಟ್ಜರ್‌ಗೆ ಕಳಿಸಿದರು. ಆಕೆ 1916ರ ಜನವರಿ 1ರಂದು ಅವನ್ನು ನ್ಯೂಯಾರ್ಕಿನಲ್ಲಿ ಗ್ಯಾಲರಿ ನಡೆಸುತ್ತಿದ್ದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ಗೆ ತೋರಿಸಿದರು. ಅದೇ ವರ್ಷ ಆ ಚಿತ್ರಗಳು ಸ್ಟೀಗ್ಲಿಟ್ಸ್ ಅವರ ಗ್ಯಾಲರಿಯ ಗೋಡೆಗೆ ಬಂದವು.

ಇದ್ದಿಲು ಹಿಡಿದರೆ ಹೆಸರು ಬರುತ್ತದೆ ಅಂತ ಇದನ್ನು ಹೇಳುತ್ತಿಲ್ಲ. ಓಕೀಫ್ ಮಾಡಿದ ಆ ಮೊದಲ ಕೆಲಸ ನೋಡಿ. ಎಲ್ಲವನ್ನೂ ಒಟ್ಟಿಗೆ ಹಾಕಿಕೊಂಡು, ಯಾವುದು ಯಾರಿಗಾಗಿ ಮಾಡಿದ್ದು ಅಂತ ತಮ್ಮನ್ನೇ ಕೇಳಿಕೊಂಡರು. ಈ ವಾರ ನೀವು ಮಾಡಬೇಕಾದ್ದು ಅದೇ.

ಒಂದು ಪೂರ್ತಿ ದಿನ ಇಡಿ. ಹನ್ನೊಂದು ಕ್ಯಾನ್ವಾಸನ್ನೂ ಗೋಡೆಗೆ ಒರಗಿಸಿ. ಇದ್ದಿಲಿನ ಚಿತ್ರಗಳನ್ನೂ ಅಂಟಿಸಿ, ಸ್ಕೆಚ್‌ಬುಕ್ಕುಗಳನ್ನೂ ತೆರೆದಿಡಿ. ಪ್ಯಾಲೆಟ್ ಒರೆಸಿದ ಕಾಗದವೂ ಇರಲಿ, ಕೆಲವು ಸಲ ಅದರಲ್ಲಿರುವ ಬಣ್ಣ ಚಿತ್ರದಲ್ಲಿರುವುದಕ್ಕಿಂತ ಜೀವಂತವಾಗಿರುತ್ತದೆ. ಅವತ್ತು ಬ್ರಶ್ ಮುಟ್ಟಬೇಡಿ. ಒಂದು ಕನ್ನಡಿ ತಂದು ಚಿತ್ರಗಳನ್ನು ಅದರಲ್ಲಿ ನೋಡಿ. ಲಿಯೊನಾರ್ಡೊ ಡ ವಿಂಚಿ ತಮ್ಮ ಟಿಪ್ಪಣಿಗಳಲ್ಲಿ ಕೊಟ್ಟ ಸಲಹೆ ಇದು. ಎಡಬಲ ಅದಲುಬದಲಾದಾಗ ಚಿತ್ರ ಬೇರೆ ಯಾರೋ ಮಾಡಿದ ಹಾಗೆ ಕಾಣುತ್ತದೆ, ತಪ್ಪು ತಕ್ಷಣ ಸಿಗುತ್ತದೆ. ಬಣ್ಣದ ಮೇಲೆ ಅನುಮಾನವಿದ್ದರೆ ಫೋನಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡಿ. ಎಲ್ಲವೂ ಒಂದೇ ಬೂದು ಆಗಿ ಕಂಡರೆ ತೊಂದರೆ ಇರುವುದು ಬೆಳಕುನೆರಳಿನ ಅಂತರದಲ್ಲಿ. ಎಷ್ಟು ಬಣ್ಣ ಹಾಕಿದರೂ, ಎಷ್ಟು ತೆಗೆದರೂ ಅದು ಸರಿಹೋಗುವುದಿಲ್ಲ.

ನೋಡುವಾಗ ಯಾವುದು ಚೆನ್ನಾಗಿದೆ ಅಂತ ಕೇಳಿಕೊಳ್ಳಬೇಡಿ. ಯಾವುದನ್ನು ಯಾರೂ ಹೇಳದೆಯೇ ಮಾಡಿದೆ, ಯಾವುದಕ್ಕೆ ಮತ್ತೆ ಮತ್ತೆ ವಾಪಸ್ ಬಂದೆ ಅಂತ ಕೇಳಿಕೊಳ್ಳಿ. ಸ್ಟೂಲು, ಸಿಂಕು, ಬಾಗಿಲು. ಯಾರೂ ಹೇಳಿಕೊಡದೆ, ಮಾರ್ಕ್ಸಿನ ಆಸೆ ಇಲ್ಲದೆ ನೀವು ಅವನ್ನು ಬಿಡಿಸಿದ್ದೀರಿ. ಅವು ಒಳ್ಳೆಯ ಚಿತ್ರಗಳೋ ಅಲ್ಲವೋ ನಾನು ನೋಡಿಲ್ಲ. ಆದರೆ ನಿಮ್ಮ ಕಣ್ಣು ತಾನಾಗಿ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಅವೇ ಗುರುತು. ಹನ್ನೊಂದು ಕ್ಯಾನ್ವಾಸುಗಳಲ್ಲಿ ಯಾವುದಕ್ಕೆ ಆ ಸ್ಟೂಲಿನ ಜೊತೆ ನೆಂಟಸ್ತಿಕೆ ಇದೆ ಹುಡುಕಿ. ನಾಲ್ಕೈದು ಸಿಕ್ಕರೆ ಅದೇ ನಿಮ್ಮ ಪ್ರದರ್ಶನ. ಉಳಿದದ್ದನ್ನು ಗೋಡೆಗೆ ಮುಖ ಮಾಡಿ ಇಟ್ಟುಬಿಡಿ.

ಮೇಷ್ಟ್ರುಗಳ ಮಾತಿಗೆ ಬರೋಣ. ಒಬ್ಬರು ಬಣ್ಣ ಕಡಿಮೆ ಮಾಡು ಅಂದರು, ಇನ್ನೊಬ್ಬರು ಮನುಷ್ಯರನ್ನು ತಾ ಅಂದರು. ಎರಡೂ ಪರಿಹಾರಗಳು. ಪರಿಹಾರ ಹೇಳುವ ಮೊದಲು ಇಬ್ಬರೂ ಏನನ್ನೋ ಕಂಡಿದ್ದಾರೆ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಮಾಡಿ. ಒಂದರಲ್ಲಿ ಅವರು ಕಂಡದ್ದು, ಇನ್ನೊಂದರಲ್ಲಿ ಅವರು ಹೇಳಿದ ಪರಿಹಾರ. ಕಂಡದ್ದು ಏನು ಅಂತ ಗೊತ್ತಾಗದಿದ್ದರೆ ವಾಪಸ್ ಹೋಗಿ ಕೇಳಿ: "ಸರ್, ಯಾವ ಜಾಗ ನೋಡಿದಾಗ ಹಾಗನ್ನಿಸಿತು?" ಬಹಳ ಸಲ ಇಬ್ಬರೂ ಒಂದೇ ಜಾಗಕ್ಕೆ ಬೆರಳಿಡುತ್ತಾರೆ. ಚಿತ್ರದ ನಡುವೆ ಕಣ್ಣು ನಿಲ್ಲಲು ಏನೂ ಇಲ್ಲ ಅನ್ನುವುದು ಒಬ್ಬರಿಗೆ ಬಣ್ಣದ ಗದ್ದಲವಾಗಿ ಕಂಡಿರುತ್ತದೆ, ಇನ್ನೊಬ್ಬರಿಗೆ ಮನುಷ್ಯ ಇಲ್ಲದ ಖಾಲಿತನವಾಗಿ. ಅವರು ತೋರಿಸಿದ ಜಾಗವನ್ನು ಖಂಡಿತ ಬಿಡಬೇಡಿ. ಅದಕ್ಕೆ ಏನು ಮಾಡಬೇಕು ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿರಲಿ. ಇದರಿಂದ ಗುರುಗಳಿಗೆ ಅಗೌರವವಾಗುವುದಿಲ್ಲ. ಒಳ್ಳೆಯ ಗುರುಗಳು ಕಾಯುವುದೇ ಇದಕ್ಕೆ.

ಆರಿಸಿಕೊಂಡ ನಾಲ್ಕೈದನ್ನು ಮುಗಿಸುವ ಮಾತು. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕೊನೆಯ ತಿಂಗಳುಗಳಲ್ಲಿ ಚಿತ್ರ ಕೆಡುವುದು ಹೆಚ್ಚಾಗಿ ಅವಸರದಿಂದ.

ತೈಲವರ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಮೇಲ್ಪದರ ಒಣಗಿದ್ದರೂ ಒಳಗೆ ಹಸಿ ಇರಬಹುದು. ಎಲ್ಲ ಬಣ್ಣವೂ ಒಂದೇ ವೇಗದಲ್ಲಿ ಒಣಗುವುದೂ ಇಲ್ಲ. ಅಂಬರ್ ಅನ್ನುವ ಕಂದು ಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಒಂದೆರಡು ದಿನದಲ್ಲಿ ಕೈಗೆ ಅಂಟದ ಹಾಗಾಗುತ್ತದೆ. ಐವರಿ ಬ್ಲ್ಯಾಕ್ ಅನ್ನುವ ಕಪ್ಪು, ಕ್ಯಾಡ್ಮಿಯಂ ಕೆಂಪು ನಿಧಾನ. ಅದಕ್ಕೇ ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಜಾಸ್ತಿ ಅನ್ನುವ ಹಳೆಯ ನಿಯಮ. ಬೇಗ ಒಣಗುವ ಪದರ ನಿಧಾನಕ್ಕೆ ಒಣಗುವುದರ ಮೇಲೆ ಕೂತರೆ ಮುಂದೆ ಬಿರುಕು ಬಿಡುತ್ತದೆ. ಬೇಗ ಮುಗಿಯಲಿ ಅಂತ ತೈಲದ ಮೇಲೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಹಚ್ಚಲು ಹೋಗಬೇಡಿ. ಅದು ಹಿಡಿದುಕೊಳ್ಳುವುದಿಲ್ಲ, ಒಂದು ದಿನ ಸಿಪ್ಪೆಯಾಗಿ ಏಳುತ್ತದೆ. ಅಕ್ರಿಲಿಕ್ ಮೇಲೆ ತೈಲ ಆಗುತ್ತದೆ, ತಿರುಗಾಮುರುಗಾ ಆಗುವುದಿಲ್ಲ. ಬೇಗ ಒಣಗಲೇಬೇಕಿದ್ದರೆ ಆಲ್ಕಿಡ್ ಮೀಡಿಯಂ, ಅಂದರೆ ಬೇಗ ಗಟ್ಟಿಯಾಗುವ ರಾಳದ ದ್ರವ, ತೈಲವರ್ಣಕ್ಕೆ ಬೆರೆಸಿ. ತೆಳುವಾಗಿ ಹಚ್ಚಿದರೆ ಸುಮಾರು ಒಂದು ದಿನಕ್ಕೆ ಮುಟ್ಟುವ ಹಾಗಾಗುತ್ತದೆ.

ನನ್ನ ನಿಯಮ ಇದು: ಪ್ರದರ್ಶನಕ್ಕೆ ಆರು ವಾರ ಇರುವಾಗ ದಪ್ಪ ಬಣ್ಣ ಬಂದ್. ಆಮೇಲೆ ತೆಳುವಾದ ಪದರ, ಸಣ್ಣ ತಿದ್ದುವಿಕೆ ಮಾತ್ರ. ಈ ನಿಯಮ ನಾನು ನಷ್ಟಪಟ್ಟು ಕಲಿತದ್ದು. ನನ್ನ ಪದವಿ ಪ್ರದರ್ಶನಕ್ಕೆ ಮೂರು ದಿನ ಇರುವಾಗಲೂ ಒಂದು ಚಿತ್ರದ ಆಕಾಶಕ್ಕೆ ಚಾಕುವಿನಲ್ಲಿ ಬಿಳಿ ಹಚ್ಚುತ್ತಿದ್ದೆ. ಸಾಗಿಸುವಾಗ ಎರಡು ಕ್ಯಾನ್ವಾಸುಗಳನ್ನು ಮುಖಕ್ಕೆ ಮುಖ ಇಟ್ಟು ಕಟ್ಟಿದರು. ನಡುವೆ ಪ್ಲಾಸ್ಟಿಕ್ ಹಾಳೆ ಇತ್ತು. ಬಿಚ್ಚಿದಾಗ ಆಕಾಶ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂತು. ಎರಡು ವರ್ಷ ಕೂತು ಮಾಡಿದ ಚಿತ್ರ ಅದು. ಇವತ್ತಿಗೂ ಆ ಹಾಳೆಯ ಶಬ್ದ ನೆನಪಿದೆ. ಹಾಗಾಗಿ ಹಸಿ ಚಿತ್ರದ ಮುಖಕ್ಕೆ ಏನೂ ತಾಗಬಾರದು. ಒಣಗಿದ ಅಕ್ರಿಲಿಕ್ ಚಿತ್ರಕ್ಕೂ ಬಬಲ್ ರ‍್ಯಾಪ್ ನೇರವಾಗಿ ಸುತ್ತಬೇಡಿ. ಬಿಸಿಲಿಗೆ ಅಕ್ರಿಲಿಕ್ ಮೆತ್ತಗಾಗಿ ಆ ಗುಳ್ಳೆಗಳ ಗುರುತು ಚಿತ್ರದ ಮೇಲೆ ಕೂರುತ್ತದೆ. ಮೊದಲು ಗ್ಲಾಸೀನ್ ಅನ್ನುವ ನುಣುಪಾದ ತೆಳು ಕಾಗದ, ಅದರ ಮೇಲೆ ಬಬಲ್ ರ‍್ಯಾಪ್.

ಒಣಗಿದ ಮೇಲೆ ಕೆಲವು ಕಡೆ ಬಣ್ಣ ಮಂಕಾಗಿ, ಕೆಲವು ಕಡೆ ಹೊಳೆಯುತ್ತಾ ಇರುತ್ತದೆ. ಕೆಳಗಿನ ಪದರ ಎಣ್ಣೆ ಹೀರಿಕೊಂಡದ್ದರಿಂದ ಹಾಗಾಗುತ್ತದೆ. ಗಾಬರಿಯಾಗಿ ಅದರ ಮೇಲೆ ಹೊಸ ಬಣ್ಣ ಹಚ್ಚುವವರನ್ನು ನೋಡಿದ್ದೇನೆ. ಅದು ಬೇಡ. ಒಣಗಿದ ಮಂಕು ಭಾಗಕ್ಕೆ ಬಣ್ಣಕ್ಕೆ ಬೆರೆಸುವ ಎಣ್ಣೆಯ ಮೀಡಿಯಂ ಒಂದಿಷ್ಟು ಉಜ್ಜಿ, ಮೆತ್ತನೆ ಬಟ್ಟೆಯಲ್ಲಿ ಹೆಚ್ಚಿನದನ್ನು ಒರೆಸಿ ತೆಗೆದರೆ ಬಣ್ಣ ವಾಪಸ್ ಬರುತ್ತದೆ. ಚಿತ್ರವನ್ನು ಕಾಪಾಡಲು ಮೇಲೆ ಹಚ್ಚುವ ಕೊನೆಯ ವಾರ್ನಿಶ್ ಮಾತ್ರ ಈಗಲೇ ಹಚ್ಚಬೇಡಿ. ಸಾಂಪ್ರದಾಯಿಕ ವಾರ್ನಿಶ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯುವುದು ರೂಢಿ.

ಒಂದು ಮಾತನ್ನು ಕೈ ಹಿಡಿದು ಹೇಳಬೇಕು ಅನ್ನಿಸುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಕಸದ ಚೀಲಕ್ಕೆ ತುರುಕಬೇಡಿ. ಅಗಸೆ ಎಣ್ಣೆ ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಆ ಬಿಸಿ ಆರಿಹೋಗುತ್ತದೆ. ಮುದ್ದೆಯೊಳಗೆ ಹೋಗಲು ದಾರಿ ಇಲ್ಲದೆ ಏರುತ್ತಾ ಹೋಗಿ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಹುದು. ಪ್ರದರ್ಶನದ ಹಿಂದಿನ ರಾತ್ರಿ ಎಲ್ಲರೂ ಸ್ಟುಡಿಯೊ ಗುಡಿಸಿ ಚೀಲ ತುಂಬಿಸುವ ಹೊತ್ತಿಗೆ ಈ ಅಪಾಯ ಜಾಸ್ತಿ. ಮುಚ್ಚಳ ಇರುವ ಲೋಹದ ಡಬ್ಬಿಯಲ್ಲಿ ನೀರು ಹಾಕಿ ಅದರಲ್ಲಿ ಮುಳುಗಿಸಿಡಿ. ಇಲ್ಲದಿದ್ದರೆ ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ. ಬಣ್ಣ ತೆಳುವಾಗಿಸುವ ಟರ್ಪೆಂಟೈನ್ ತೆರೆದಿಟ್ಟ ಕೋಣೆಯಲ್ಲಿ ಮಲಗಲೂ ಬೇಡಿ. ವಾಸನೆ ಇಲ್ಲದ ದ್ರಾವಕವೂ ಆವಿಯಾಗುತ್ತದೆ, ವಾಸನೆ ಬರದಿದ್ದರೆ ಆವಿ ಇಲ್ಲ ಅಂತ ಅರ್ಥವಲ್ಲ.

ಇದ್ದಿಲಿನ ಚಿತ್ರಗಳನ್ನು ಗೋಡೆಗೆ ಹಾಕುವುದಾದರೆ, ಹಾಕುತ್ತೀರಿ ಅಂತಲೇ ನನ್ನ ಆಸೆ, ಹೊರಗಡೆ ಗಾಳಿಯಲ್ಲಿ ನಿಂತು, ಇದ್ದಿಲು ಉದುರದಂತೆ ಹಿಡಿದಿಡುವ ಫಿಕ್ಸೇಟಿವ್ ತೆಳುವಾಗಿ ಎರಡು ಮೂರು ಸಲ ಸಿಂಪಡಿಸಿ. ಇದ್ದಿಲು ಸ್ವಲ್ಪ ಗಾಢವಾಗುತ್ತದೆ, ಮೊದಲು ಬೇರೆ ಹಾಳೆಯಲ್ಲಿ ನೋಡಿಕೊಳ್ಳಿ. ಫ್ರೇಮಿಗೆ ಗಾಜಿನ ಬದಲು ಹಾಕುವ ಅಕ್ರಿಲಿಕ್ ಪ್ಲಾಸ್ಟಿಕ್ ಶೀಟ್ ಬೇಡ. ಅದರಲ್ಲಿ ಸ್ಥಿರವಿದ್ಯುತ್ ಹುಟ್ಟಿ ಇದ್ದಿಲಿನ ಪುಡಿಯನ್ನು ಎಳೆದುಕೊಳ್ಳುತ್ತದೆ. ಗಾಜೇ ಸರಿ, ಅದೂ ಹಾಳೆಗೆ ತಾಗದ ಹಾಗೆ ನಡುವೆ ದಪ್ಪ ರಟ್ಟಿನ ಮೌಂಟ್ ಬೋರ್ಡ್ ಇಟ್ಟು.

ಜೋಡಿಸುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಹೆಚ್ಚಿನವರ ಕಣ್ಣಿಗೆ ಸರಿಹೋಗುತ್ತದೆ. ಗೋಡೆಯ ಅಳತೆಯನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ ರಟ್ಟಿನಲ್ಲಿ ಮಾಡಿಕೊಳ್ಳಿ, ಚಿತ್ರಗಳನ್ನು ಚೀಟಿಗಳಾಗಿ ಕತ್ತರಿಸಿ ಆಚೀಚೆ ಸರಿಸಿ ನೋಡಿ. ಒಂದು ಕಡಿಮೆ ಮಾಡಿದರೆ ಹೇಗೆ ಅಂತ ಪ್ರತಿ ಸಲವೂ ನೋಡಿ. ಮತ್ತೆ, ಜೋಡಿಸುವ ಮೊದಲೇ ಫೋಟೊ ತೆಗೆದಿಡಿ. ಪ್ರದರ್ಶನ ಮುಗಿದ ಮೇಲೆ ಚಿತ್ರ ಎಲ್ಲೆಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಎರಡೂ ಕಡೆಯಿಂದ 45 ಡಿಗ್ರಿಯಲ್ಲಿ ಒಂದೇ ಬಗೆಯ ಎರಡು ದೀಪ ಇಡಿ, ಕ್ಯಾಮೆರಾವನ್ನು ಚಿತ್ರಕ್ಕೆ ನೇರ ನಿಲ್ಲಿಸಿ. ಹಾಗಿದ್ದರೆ ತೈಲದ ಹೊಳಪು ಲೆನ್ಸಿಗೆ ಹೊಡೆಯುವುದಿಲ್ಲ. ಹೆಸರು, ವರ್ಷ, ಮಾಧ್ಯಮ, ಎತ್ತರ, ಅಗಲ ಅವತ್ತೇ ಬರೆದಿಡಿ. ಹಿಂಬದಿಯಲ್ಲಿ ಬರೆಯುವುದಾದರೆ ಮರದ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಮಾರ್ಕರಿನ ಶಾಯಿ ಬಟ್ಟೆ ದಾಟಿ ಮುಂದಕ್ಕೆ ಬರಬಹುದು.

ಈಗ ನಿಮ್ಮ ಭಯ. ಪತ್ರದಲ್ಲಿ ಅದು ಕೊನೆಗೆ ಬಂದಿದ್ದರೂ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಅದೇ ಅಂತ ನನಗನ್ನಿಸಿತು.

ಪ್ರದರ್ಶನ ಮುಗಿದ ಮೇಲೆ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ, ಕೈ ಓಡುವುದಿಲ್ಲ. ನಾಲ್ಕು ವರ್ಷ ಬೇರೆಯವರು ಕೊಟ್ಟ ಗಡುವಿಗೆ ಕೆಲಸ ಮಾಡಿದ್ದೀರಿ. ಗಡುವು ಹೋದಾಗ ಕೈ ಏನು ಮಾಡಬೇಕು ಅಂತ ತಿಳಿಯದೆ ನಿಲ್ಲುತ್ತದೆ. ಪ್ರತಿಭೆ ಬತ್ತಿತು ಅಂದುಕೊಳ್ಳಬೇಡಿ. ಆ ಹೊತ್ತಿನಲ್ಲಿ ಏನನ್ನೂ ಸುಡಬೇಡಿ, ಹರಿಯಬೇಡಿ. ಜಾನ್ ಬಾಲ್ಡೆಸರಿ ಅನ್ನುವ ಕಲಾವಿದರು 1953ರಿಂದ 1966ರವರೆಗೆ ಮಾಡಿ ತಮ್ಮ ಬಳಿ ಉಳಿದಿದ್ದ ಚಿತ್ರಗಳನ್ನು 1970ರಲ್ಲಿ ಸುಟ್ಟರು, ನಿಜ. ಆದರೆ ಕೊನೆಯ ಚಿತ್ರ ಮಾಡಿ ನಾಲ್ಕು ವರ್ಷ ಕಳೆದಿತ್ತು, ಅಷ್ಟರಲ್ಲಿ ಅವರು ಬೇರೆ ದಾರಿ ಹಿಡಿದಿದ್ದರು. ನೀವು ಒಂದು ವರ್ಷವಾದರೂ ಎತ್ತಿಡಿ. ಜಾಗ ಇಲ್ಲದಿದ್ದರೆ ಚೌಕಟ್ಟಿನಿಂದ ಬಿಚ್ಚಿ, ಅಗಲವಾದ ಕೊಳವೆಗೆ ಬಣ್ಣದ ಮುಖ ಹೊರಗೆ ಬರುವಂತೆ ಸುತ್ತಿ. ಒಳಮುಖ ಮಾಡಿದರೆ ಬಣ್ಣ ಒತ್ತಿಕೊಂಡು ಸುಕ್ಕಾಗುತ್ತದೆ.

ಸ್ಟುಡಿಯೊ ಇಲ್ಲದಿದ್ದರೆ ಹೇಗೆ ಅನ್ನುವುದಕ್ಕೆ ಇಬ್ಬರು ನೆನಪಾಗುತ್ತಾರೆ. ಅಮೆರಿಕದ ಕಲಾವಿದ ಬ್ರೂಸ್ ನೌಮನ್ 1966ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಳೆಯ ದಿನಸಿ ಅಂಗಡಿಯೊಂದನ್ನು ಸ್ಟುಡಿಯೊ ಮಾಡಿಕೊಂಡರು. ಸಾಮಗ್ರಿ ಅಷ್ಟೇನೂ ಇರಲಿಲ್ಲ. ಕೋಣೆಯಲ್ಲಿ ಸುಮ್ನೆ ಅತ್ತಿಂದಿತ್ತ ನಡೆಯುತ್ತಿದ್ದರು. ಕಲಾವಿದ ಸ್ಟುಡಿಯೊದಲ್ಲಿ ಮಾಡುವುದು ಏನೇ ಇದ್ದರೂ ಅದು ಕಲೆಯೇ ಅಲ್ವಾ ಅಂತ ಯೋಚಿಸಿ, ಆ ನಡಿಗೆಯನ್ನೇ ಚಿತ್ರೀಕರಿಸಿದರು. ಇನ್ನೊಬ್ಬರು ಇಟಲಿಯ ಚಿತ್ರಕಲಾವಿದ ಜಾರ್ಜಿಯೊ ಮೊರಾಂಡಿ. ಬೊಲೊನ್ಯದಲ್ಲಿ ಅಮ್ಮ ಮತ್ತು ಮೂವರು ತಂಗಿಯರ ಜೊತೆಗಿದ್ದ ಮನೆಯಲ್ಲಿ, ಮಲಗುವ ಕೋಣೆಯೇ ಅವರ ಸ್ಟುಡಿಯೊ. 1930ರಿಂದ 1956ರವರೆಗೆ ಎಚ್ಚಿಂಗ್, ಅಂದರೆ ಲೋಹದ ತಗಡಿನಲ್ಲಿ ಗೆರೆ ಕೊರೆದು ಅಚ್ಚು ತೆಗೆಯುವ ಕಲೆಯ ಪಾಠ ಮಾಡುತ್ತಾ, ಅದೇ ಬಾಟಲಿ, ಹೂಜಿ, ಡಬ್ಬಿಗಳನ್ನು ಜೋಡಿಸಿ ಚಿಕ್ಕ ಕ್ಯಾನ್ವಾಸುಗಳನ್ನು ಮಾಡಿದರು. ನಿಮ್ಮ ಸ್ಟೂಲು, ಸಿಂಕಿನ ವಿಷಯ ಓದಿದಾಗ ನನಗೆ ಮೊದಲು ನೆನಪಾದದ್ದು ಅವರೇ.

ಅದಕ್ಕೆ ಹೇಳುತ್ತೇನೆ, ಮುಂದೆ ಎಷ್ಟು ಜಾಗ ಸಿಗುತ್ತದೋ ಅಷ್ಟರಲ್ಲೇ ಕೆಲಸ ಮಾಡುವುದನ್ನು ಈಗಲೇ ಶುರು ಮಾಡಿ. ಕಾಲೇಜಿನ ದೊಡ್ಡ ಗೋಡೆ, ದೊಡ್ಡ ಕಿಟಕಿ ಇನ್ನೂ ನಿಮ್ಮದಾಗಿರುವಾಗಲೇ ವಾರಕ್ಕೆ ಎರಡು ಸಂಜೆ ಮನೆಯ ಒಂದು ಮೇಜಿನ ಮೇಲೆ ಕೂತು ಬಿಡಿಸಿ. ಮಲಗುವ ಕೋಣೆಯಲ್ಲಿ ತೈಲ, ಟರ್ಪೆಂಟೈನ್ ಬೇಡ. ಇದ್ದಿಲು, ಇಂಕು, ನೀರಿನಲ್ಲಿ ಕಲಸುವ ಗ್ವಾಶ್ ಬಣ್ಣ ಸಾಕು. ದೀಪ ಯಾವುದು, ಎಷ್ಟು ಹೊತ್ತು ಕೂರಬಲ್ಲೆ, ಎದ್ದ ಮೇಲೆ ಮೇಜು ಖಾಲಿ ಮಾಡಲೇಬೇಕಾ, ಇವೆಲ್ಲ ಈಗಲೇ ಗೊತ್ತಾಗಲಿ. ಪದವಿ ಮುಗಿದ ಮರುದಿನ ಎಲ್ಲವನ್ನೂ ಹೊಸದಾಗಿ ಕಲಿಯುವುದು ಕಷ್ಟ. ಮೊದಲೇ ಶುರುವಾದದ್ದನ್ನು ಮುಂದುವರಿಸುವುದು ಅಷ್ಟು ಕಷ್ಟವಲ್ಲ.

ಜೊತೆಗೆ ಇಬ್ಬರು ಮೂವರು ಸಹಪಾಠಿಗಳನ್ನು ಹಿಡಿದುಕೊಳ್ಳಿ. 1988ರಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಓದುತ್ತಿದ್ದ ಡೇಮಿಯನ್ ಹರ್ಸ್ಟ್ ಬಂದರಿನ ಖಾಲಿ ಕಟ್ಟಡವೊಂದರಲ್ಲಿ ಜೊತೆಯವರ ಕೆಲಸ ಸೇರಿಸಿ ಪ್ರದರ್ಶನ ಮಾಡಿದರು. ಅಷ್ಟು ದೊಡ್ಡದು ನಿಮಗೆ ಬೇಕಿಲ್ಲ. ತಿಂಗಳಿಗೆ ಒಂದು ದಿನ ಒಬ್ಬರ ಮನೆಯಲ್ಲಿ ಸೇರಿ, ಮುಗಿದದ್ದೋ ಮುಗಿಯದ್ದೋ ಒಂದು ಕೆಲಸ ತರಲೇಬೇಕು ಅಂತ ಮಾತಾಡಿಕೊಳ್ಳಿ. ನಾನು ಹೀಗೆ ಶುರು ಮಾಡಿದ ಗುಂಪಿನಲ್ಲಿ ನಾಲ್ವರಿದ್ದೆವು. ಇಬ್ಬರ ಜೊತೆ ಇವತ್ತಿಗೂ ಸೇರುತ್ತೇನೆ. ನನ್ನ ಚಿತ್ರ ನಿಂತಲ್ಲೇ ನಿಂತಾಗೆಲ್ಲ ಅದನ್ನು ಮುಂದಕ್ಕೆ ತಳ್ಳಿದ್ದು ಅವರ ಕಣ್ಣು.

ಕೆಲಸಕ್ಕೆ ಸೇರುವುದನ್ನು ಸೋಲು ಅಂದುಕೊಳ್ಳಬೇಡಿ. ಚಿತ್ರಕಲಾವಿದ ಭೂಪೇನ್ ಖಖ್ಖರ್ ವರ್ಷಗಟ್ಟಲೆ ಲೆಕ್ಕಪತ್ರದ ಕೆಲಸ ಮಾಡುತ್ತಲೇ ಚಿತ್ರ ಬಿಡಿಸಿದರು. ಕೆಲಸ ಆರಿಸುವಾಗ ಸಂಬಳದ ಜೊತೆ ಇನ್ನೊಂದನ್ನೂ ನೋಡಿ: ಸಂಜೆ ಮನೆಗೆ ಬಂದಾಗ ನಿಮ್ಮ ಕಣ್ಣಿನಲ್ಲಿ ಏನಾದರೂ ಉಳಿದಿರುತ್ತದಾ? ದಿನವಿಡೀ ಪರದೆಯಲ್ಲಿ ಬೇರೆಯವರಿಗಾಗಿ ಚಿತ್ರ ಮಾಡುವ ಕೆಲಸ ಕಲೆಗೆ ಹತ್ತಿರ ಅನ್ನಿಸುತ್ತದೆ. ಕೆಲವರಿಗೆ ಅದು ಸರಿಹೋಗುತ್ತದೆ, ಕೆಲವರಿಗೆ ಸಂಜೆ ಪೆನ್ಸಿಲು ಮುಟ್ಟುವ ಮನಸ್ಸೇ ಇರುವುದಿಲ್ಲ. ನೀವು ಯಾವ ಬಗೆ ಅನ್ನುವುದು ಎರಡು ಮೂರು ತಿಂಗಳಲ್ಲಿ ತಿಳಿಯುತ್ತದೆ. ತಿಳಿದ ಮೇಲೆ ಕೆಲಸ ಬದಲಾಯಿಸಲು ಹಿಂಜರಿಯಬೇಡಿ.

ಇಷ್ಟು ಸದ್ಯಕ್ಕೆ. ಮೊದಲು ಆ ಇದ್ದಿಲಿನ ಚಿತ್ರಗಳಿಗೆ ಒಂದೊಂದಕ್ಕೂ ತಾರೀಕು ಹಾಕಿ, ಬಿಡಿಸಿದ ಕ್ರಮದಲ್ಲೇ ಗೋಡೆಗೆ ಅಂಟಿಸಿ. ಹನ್ನೊಂದು ಕ್ಯಾನ್ವಾಸುಗಳನ್ನು ಆಮೇಲೆ ತಿರುಗಿಸಿ ನೋಡಿ.